ಮುಂಬಯಿಯ ಬಯಲಿಗೆ ಬಿದ್ದ ಬೀಗ

ಮುಂಬಯಿಯಲ್ಲಿ ಸಂಸಾರ ಹೂಡಿದ ನಮಗೆ ಮನೆಯೆಂಬುದು ನಾಲ್ಕು ಗೋಡೆಗಳೊಳಗೆ ಮುಗಿಯುವ ವಸ್ತುವಲ್ಲ. ಚಾಳಿನ ಪಡಸಾಲೆ, ಕಟ್ಟಡದ ಗಚ್ಚಿ, ಗಲ್ಲಿಯ ಕೊನೆಯ ಮೈದಾನ, ಸಂಜೆಯ ಚೌಪಾಟಿ ಇವೆಲ್ಲ ಕೂಡಿದರೆ ಒಂದು ಮನೆ. ಊರಿನಲ್ಲಿ ಜಗಲಿ, ಅಂಗಳ, ಹಿತ್ತಿಲುಗಳನ್ನು ಬಿಟ್ಟು ಬಂದ ನಮ್ಮ ಹಿರಿಯರು ಅವನ್ನೆಲ್ಲ ಈ ನಗರದ ಬಯಲುಗಳಲ್ಲಿ ಹುಡುಕಿಕೊಂಡರು. ಆದುದರಿಂದ 2020ರ ಮಾರ್ಚಿನಲ್ಲಿ ಉದ್ಯಾನಗಳ ಬಾಗಿಲಿಗೆ ಬೀಗ ಬಿದ್ದು, ಕಡಲ ದಂಡೆಯಲ್ಲಿ ಪೋಲೀಸರ ಪಹರೆ ನಿಂತಾಗ ಮುಚ್ಚಿದ್ದು ಬರಿಯ ಮನರಂಜನೆಯ ತಾಣಗಳಲ್ಲ. ನಮ್ಮ ಮನೆಯ ಅರ್ಧಭಾಗವೇ ಮುಚ್ಚಿಹೋಯಿತು.

ಸಾವುನೋವುಗಳ ನಡುವೆ ವಾಯುಸೇವನೆಯ, ಆಟಪಾಟಗಳ ಮಾತೆತ್ತುವುದು ಕೆಲವರಿಗೆ ಸಣ್ಣತನವಾಗಿ ಕಂಡೀತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಜನ ಒದ್ದಾಡುತ್ತಿರುವಾಗ ಶಿವಾಜಿ ಪಾರ್ಕಿಗೆ ಒಂದು ಸುತ್ತು ಹಾಕಲು ಬಿಡಬೇಕೆ ಬೇಡವೆ ಎಂಬುದೂ ಒಂದು ಪ್ರಶ್ನೆಯೆ ಎಂದು ಅಂದು ನಮ್ಮಲ್ಲೇ ಹಲವರು ಕೇಳಿದ್ದುಂಟು. ಆದರೆ ಈ ನಗರದ ಇತಿಹಾಸವನ್ನು ತಿರುವಿ ನೋಡಿದರೆ ಪಿಡುಗಿಗೂ ಬಯಲಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲವೆಂಬುದು ತಿಳಿಯುತ್ತದೆ. ನಾವು ಇಂದು ತಿರುಗಾಡುವ ಎಷ್ಟೋ ಉದ್ಯಾನಗಳೂ ಅಗಲವಾದ ರಸ್ತೆಗಳೂ ಒಂದು ಮಹಾಮಾರಿಯ ಕೂಸುಗಳೇ ಆಗಿವೆ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಬಂದರಿನ ಬಳಿ, ಧಾನ್ಯದ ಗೋದಾಮುಗಳ ನಡುವಿನ ಇಕ್ಕಟ್ಟಾದ ವಸತಿಯಲ್ಲಿ, ಗೋವೆಯ ಮೂಲದ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಮುಂದಿನ ಕೆಲವೇ ತಿಂಗಳುಗಳಲ್ಲಿ, ಸುಮಾರು ಎಂಟು ಲಕ್ಷ ಜನವಸತಿಯ ಈ ನಗರದಿಂದ ಅರ್ಧದಷ್ಟು ಜನ ಕಾಲ್ಕಿತ್ತರು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಜಾರಿಗೆ ಬಂತು. ಕೆಲವೇ ಕಲಮುಗಳ ಆ ಪುಟ್ಟ ಕಾನೂನು ಸರಕಾರಕ್ಕೆ ಕೊಟ್ಟ ಅಧಿಕಾರ ಮಾತ್ರ ಪುಟ್ಟದಲ್ಲ. ಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಎತ್ತಿಕೊಂಡು ಹೋಗುವುದು, ಪ್ರಯಾಣಿಕರನ್ನು ರೈಲಿನಿಂದ ಇಳಿಸಿ ತಪಾಸಣೆ ಮಾಡುವುದು ಎಲ್ಲವೂ ಅದರ ನೆರಳಿನಲ್ಲಿ ನಡೆದವು. ಪುಣೆಯಲ್ಲಿ ಸೈನಿಕರು ನಡೆಸಿದ ಮನೆಶೋಧನೆಯ ಕಹಿ ಎಷ್ಟೆಂದರೆ, ಪ್ಲೇಗಿನ ಅಧಿಕಾರಿ ರ್‍ಯಾಂಡ್ 1897ರ ಜೂನ್ 22ರಂದು ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ಆ ಕಥೆ ಎಲ್ಲರಿಗೂ ಗೊತ್ತಿದೆ, ಇಲ್ಲಿ ಬೆಳೆಸುವುದಿಲ್ಲ.

ನಮಗೆ ಮುಖ್ಯವಾದುದು ಬೇರೊಂದು ಸಂಗತಿ. ಅಂದಿನ ವೈದ್ಯಾಧಿಕಾರಿಗಳಲ್ಲಿ ಹಲವರಿಗೆ ಪ್ಲೇಗು ಕೊಳಕಿನಿಂದ, ಕತ್ತಲೆಯಿಂದ, ಕೆಟ್ಟ ಗಾಳಿಯಿಂದ ಹುಟ್ಟುತ್ತದೆಂಬ ನಂಬಿಕೆಯಿತ್ತು. ಚಾಳುಗಳ ಹೆಂಚು ಕಿತ್ತು ಒಳಗೆ ಬಿಸಿಲು ಬೀಳುವಂತೆ ಮಾಡಿದರು. ಕತ್ತಲೆಯ ಖೋಲಿಗಳ ಗೋಡೆಗೆ ‘ಮನುಷ್ಯವಾಸಕ್ಕೆ ಅಯೋಗ್ಯ’ ಎಂಬುದಕ್ಕೆ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಿದು ಹೋದರು. ಅಂದರೆ ಆಗಿನ ಸರಕಾರ ಜನರನ್ನು ಮನೆಯಿಂದ ಹೊರಗೆ ಹಾಕಲು ಹೆಣಗಿತು. 2020ರ ಸರಕಾರ ಮನೆಯೊಳಗೇ ಕೂಡಿಹಾಕಲು ಹೆಣಗಿತು. ಎರಡಕ್ಕೂ ಆಧಾರವಾದ ಕಾನೂನು ಮಾತ್ರ ಒಂದೇ, 1897ರದು.

ನಮ್ಮ ಕನ್ನಡ ಸೀಮೆಯಲ್ಲಿ ಜನರಿಗೆ ಈ ಪಾಠವನ್ನು ಯಾವ ಅಧಿಕಾರಿಯೂ ಹೇಳಿಕೊಡಬೇಕಾಗಿರಲಿಲ್ಲ. ‘ಇಲಿ ಬಿತ್ತು’ ಎಂಬ ಸುದ್ದಿ ಹಬ್ಬಿದೊಡನೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲಕ್ಕೆ ಹೋಗುತ್ತಿತ್ತು. ಸೊಪ್ಪೆ, ತಟ್ಟಿ, ತೆಂಗಿನ ಗರಿ, ಸಿಕ್ಕಿದ್ದರಲ್ಲಿ ಗುಡಿಸಲು ಎದ್ದವು. ಅಲ್ಲಿಯೇ ಅಡಿಗೆ, ಅಲ್ಲಿಯೇ ಬಾಣಂತನ, ಅಲ್ಲಿಯೇ ಮಕ್ಕಳ ಚಿಣ್ಣಿದಾಂಡು. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ‘ಪ್ಲೇಗಿನ ವರ್ಷ’ ಎಂದು ಹೇಳುತ್ತಿದ್ದ ನೆನಪುಗಳಲ್ಲಿ ಸಾವಿನ ಭಯದ ಜೊತೆಗೇ ಆ ಬಯಲ ಬದುಕಿನ ಹಿಗ್ಗೂ ಒಂದಿಷ್ಟು ಸೇರಿರುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಧಾರವಾಡ, ವಿಜಾಪುರದ ಕಡೆಯವರಿಗೆ ಇದು ಹೆಚ್ಚು ಪರಿಚಿತ. ರೈಲಿನ ದಾರಿ ಹಿಡಿದು ಪ್ಲೇಗು ಹುಬ್ಬಳ್ಳಿಗೆ ಬಂತು. ಅಲ್ಲಿ 1898ರಲ್ಲಿ ಹಾಫ್ಕಿನ್ ಅವರ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಲಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರನ್ನೂ ಹಿಡಿಯಿತು.

ಈ ಹೊಲದ ಗುಡಿಸಲಿನ ಉಪಾಯ ಫಲಿಸಿದ್ದು ಹೇಗೆಂಬುದು ಆಮೇಲೆ ತಿಳಿಯಿತು. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದರು. 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು, ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಚಿಗಟ ಎಂದು ಸಾಧಿಸಿದರು. ಮೊದಲು ನಗೆಗೀಡಾದ ಆ ಮಾತನ್ನು 1905ರ ನಂತರ ಮುಂಬಯಿಯಲ್ಲೇ ನಡೆದ ಸಂಶೋಧನೆಗಳು ದೃಢಪಡಿಸಿದವು. ಇಲಿ ಇರುವುದು ಮನೆಯಲ್ಲಿ, ಧಾನ್ಯದ ಮೂಟೆಯಲ್ಲಿ. ಹೊಲದ ಗುಡಿಸಲಿನಲ್ಲಿ ಅದಕ್ಕೇನು ಕೆಲಸ? ಕೆಟ್ಟ ಗಾಳಿಯ ಸಿದ್ಧಾಂತ ಸುಳ್ಳಾಯಿತು, ಬಯಲಿಗೆ ಹೋಗುವ ರೂಢಿ ನಿಜವಾಯಿತು. ಜನ ಪುಸ್ತಕ ಓದಿ ಕಲಿತದ್ದಲ್ಲ ಇದು, ಇಲಿ ಸತ್ತ ಮನೆಯಲ್ಲಿ ಮನುಷ್ಯರೂ ಸತ್ತದ್ದನ್ನು ಕಂಡು ಕಲಿತದ್ದು.

ಪ್ಲೇಗಿನ ಹೊಡೆತಕ್ಕೆ ಮುಂಬಯಿ ಸರಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಕಡಲ ಗಾಳಿ ನಗರದ ಒಡಲಿಗೆ ನುಗ್ಗಲೆಂದು ಪಶ್ಚಿಮದಿಂದ ಪೂರ್ವಕ್ಕೆ ಅಗಲವಾದ ರಸ್ತೆಗಳನ್ನು ಸೀಳಿದ್ದು ಈ ಟ್ರಸ್ಟೇ. ಇಂದು ಶಾಮಲದಾಸ ಗಾಂಧಿ ಮಾರ್ಗವೆನಿಸಿದ ಪ್ರಿನ್ಸೆಸ್ ಸ್ಟ್ರೀಟ್, ವಲ್ಲಭಭಾಯಿ ಪಟೇಲ್ ರಸ್ತೆಯೆನಿಸಿದ ಸ್ಯಾಂಡ್‌ಹರ್ಸ್ಟ್ ರೋಡ್ ಇವು ಹೀಗೆ ಹುಟ್ಟಿದವು. ಉತ್ತರದಲ್ಲಿ ದಾದರ, ಮಾಟುಂಗಾ, ವಡಾಲಾ, ಸಾಯನ್‌ಗಳ ಕಡೆಗೆ ಹೊಸ ಬಡಾವಣೆಗಳ ನಕ್ಷೆ ಸಿದ್ಧವಾಯಿತು. ಮನೆಗಳ ಎತ್ತರಕ್ಕೆ ಮಿತಿ, ಮನೆಗಳ ನಡುವೆ ಗಾಳಿಗೆ ದಾರಿ, ನಡುನಡುವೆ ಉದ್ಯಾನ. ಮಾಟುಂಗಾದ ಫೈವ್ ಗಾರ್ಡನ್ಸ್‌ಗೆ ಟ್ರಸ್ಟಿನ ಎಂಜಿನಿಯರರಾಗಿದ್ದ ಮಂಚೇರ್ಜಿ ಜೋಶಿ ಅವರ ಹೆಸರಿದೆ. 1925ರಲ್ಲಿ ತೆರೆದ ಶಿವಾಜಿ ಪಾರ್ಕಂತೂ ಅಲ್ಲಿಂದ ಒಂದು ನಡಿಗೆಯ ದೂರ. ಮುಂದೆ ಮಾಟುಂಗಾಕ್ಕೆ ಬಂದು ನೆಲೆಸಿದ ದಕ್ಷಿಣದವರಲ್ಲಿ ನಮ್ಮವರೂ ಬಹಳ ಮಂದಿ. ನಮ್ಮ ಸಂಘಗಳು, ನಾಟಕದ ತಾಲೀಮುಗಳು, ಸಂಜೆಯ ಹರಟೆಗಳು ಬೇರೂರಿದ ಆ ನೆಲ ಪ್ಲೇಗಿನ ಭಯ ಹಂಚಿಕೊಟ್ಟ ನೆಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದೂ 1898ರ ಪ್ಲೇಗಿನ ನಂತರವೇ.

ಟ್ರಸ್ಟನ್ನು ಹೊಗಳುವ ಭರದಲ್ಲಿ ಒಂದನ್ನು ಮರೆಯಬಾರದು. ಅದು ಕೆಡವಿದ ಬಡವರ ಖೋಲಿಗಳಿಗೆ ಸರಿಸಮನಾಗಿ ಬಡವರಿಗೆ ಖೋಲಿಗಳನ್ನು ಕಟ್ಟಲಿಲ್ಲ. ಗಾಳಿ ಸಿಕ್ಕಿದ್ದು ಬಾಡಿಗೆ ತೆರಬಲ್ಲ ಮಧ್ಯಮ ವರ್ಗದವರಿಗೆ. ಉಳಿದವರು ಇನ್ನಷ್ಟು ಒತ್ತಾಗಿ ಬದುಕಿದರು. ಈ ಮಾತು 2020ರಲ್ಲಿ ಮತ್ತೆ ಎದುರಾಗುತ್ತದೆ.

1918ರ ಇನ್‌ಫ್ಲುಯೆಂಜಾ ಜೂನ್ ತಿಂಗಳಲ್ಲಿ ಬಂದರಿನ ಮೂಲಕ ಮುಂಬಯಿಗೆ ಕಾಲಿಟ್ಟಿತು. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಮಂದಿ ಸತ್ತರು. ಆ ಜಾಡ್ಯ ಉಸಿರಿನಿಂದ ಹರಡುವಂಥದು. ಬಯಲಿನಲ್ಲೂ ಜನ ಒತ್ತಿ ನಿಂತರೆ ಬಿಡುವಂಥದಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆ ವರ್ಷ ಸೆಪ್ಟೆಂಬರ್ 28ರಂದು ಯುದ್ಧಸಾಲದ ಪ್ರಚಾರಕ್ಕೆಂದು ಮೆರವಣಿಗೆ ನಡೆಸಿದರು. ಬೀದಿಯ ಇಕ್ಕೆಲಗಳಲ್ಲಿ ಸುಮಾರು ಎರಡು ಲಕ್ಷ ಜನ. ಮೂರು ದಿನಗಳಲ್ಲಿ ಅಲ್ಲಿನ ಆಸ್ಪತ್ರೆಗಳು ತುಂಬಿಹೋದವು. ಅದೇ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ನ್ಯಾಯಾಲಯದ ಕಲಾಪವನ್ನೇ ಬಯಲಿಗೆ ತಂದರು. ಬಯಲು ಬೇರೆ, ಬಯಲಿನ ಜಂಗುಳಿ ಬೇರೆ ಎಂಬ ಈ ಭೇದ ನೂರು ವರ್ಷಗಳ ಹಿಂದೆಯೇ ಸ್ಪಷ್ಟವಾಗಿತ್ತು. ಆದರೂ ನಾವು ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

2020ರ ಮಾರ್ಚ್ 24ರ ರಾತ್ರಿಯಿಂದ ದೇಶವೆಲ್ಲ ಸ್ತಬ್ಧ. ಲೋಕಲ್ ಗಾಡಿಗಳು ಅದಕ್ಕೆ ಮುಂಚೆಯೇ ನಿಂತಿದ್ದವು. ಬೆಳಗಿನ ತಿರುಗಾಟಕ್ಕೆ ಹೊರಟವರ ಮೇಲೆ ದಂಡಸಂಹಿತೆಯ 188ನೆಯ ಕಲಮಿನಡಿ ಖಟ್ಲೆಗಳು ದಾಖಲಾದವು. ಕಿರಾಣಿ ಅಂಗಡಿಯ ಮುಂದೆ ಸಾಲು ನಿಲ್ಲುವುದು ಕಾಯಿದೆಗೆ ಸಮ್ಮತ, ಖಾಲಿ ದಂಡೆಯಲ್ಲಿ ಒಬ್ಬಂಟಿ ನಡೆಯುವುದು ಅಪರಾಧ. ಮೊದಲ ಕೆಲವು ವಾರ ಯಾರಿಗೂ ಏನೂ ತಿಳಿಯದ ಸ್ಥಿತಿ. ಆಗಿನ ಬಿಗಿಯನ್ನು ನಾವು ದೂರುವುದಿಲ್ಲ. ಇತರ ದೇಶಗಳವರೂ ತಡವರಿಸಿದರು. ಇಂಗ್ಲೆಂಡಿನಲ್ಲಿ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಡಬಹುದಾಗಿತ್ತು. ಫ್ರಾನ್ಸಿನಲ್ಲಿ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಒಂದು ಗಂಟೆ. ಸ್ಪೇನಿನಲ್ಲಂತೂ ಮಕ್ಕಳು ಆರು ವಾರ ಹೊಸಿಲು ದಾಟಲಿಲ್ಲ. ಏಪ್ರಿಲ್ 26ರಂದು ದಿನಕ್ಕೆ ಒಂದು ಗಂಟೆಯ ಅನುಮತಿ ಸಿಕ್ಕಿತು. ನಾಯಿಯನ್ನು ತಿರುಗಾಡಿಸಲು ಅಲ್ಲಿ ಮೊದಲಿನಿಂದಲೂ ಅಡ್ಡಿಯಿರಲಿಲ್ಲ ಎಂಬುದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯದು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ಎಂಬ ಊರಿನಲ್ಲಿ, ಹುಡುಗರು ಗಾಲಿಹಲಗೆ ಆಡುವ ಅಂಗಣಕ್ಕೆ 37 ಟನ್ನು ಮರಳು ಸುರಿದು ಮುಚ್ಚಿದರು.

ಮಹಾರಾಷ್ಟ್ರ ಸರಕಾರ ಮೇ 31ರಂದು ಹೊರಡಿಸಿದ ಆದೇಶ ಈ ಇತಿಹಾಸದಲ್ಲಿ ಗಮನಿಸತಕ್ಕ ದಾಖಲೆ. ಜೂನ್ 3ರಿಂದ ಬೆಳಿಗ್ಗೆ 5ರಿಂದ ಸಂಜೆ 7ರವರೆಗೆ ಕಡಲ ದಂಡೆ, ಮೈದಾನ, ಉದ್ಯಾನಗಳಲ್ಲಿ ಒಬ್ಬೊಬ್ಬರಾಗಿ ನಡೆಯುವುದು, ಓಡುವುದು, ಸೈಕಲ್ ತುಳಿಯುವುದಕ್ಕೆ ಒಪ್ಪಿಗೆ. ಗುಂಪಿನ ಚಟುವಟಿಕೆಗೆ ಇಲ್ಲ, ಮುಚ್ಚಿದ ಕ್ರೀಡಾಂಗಣಕ್ಕೆ ಇಲ್ಲ. ಮಕ್ಕಳ ಮೇಲೆ ದೊಡ್ಡವರ ಕಣ್ಣಿರಬೇಕು. ಹತ್ತಿರದ ಬಯಲನ್ನೇ ಬಳಸಬೇಕು. ಸೈಕಲ್ಲಿಗೆ ಪ್ರೋತ್ಸಾಹ, ಏಕೆಂದರೆ ಸೈಕಲ್ ಸವಾರರ ನಡುವೆ ಅಂತರ ತಾನಾಗಿ ಏರ್ಪಡುತ್ತದೆ. ಹದಿನಾಲ್ಕು ಗಂಟೆಗಳ ಈ ಅವಧಿ ನಮ್ಮ ಮಟ್ಟಿಗೆ ಆ ಆದೇಶದ ಅತ್ಯಂತ ವಿವೇಕದ ಭಾಗ. ಅದಕ್ಕೆ ಎರಡು ವಾರ ಮೊದಲು ಕರ್ನಾಟಕ ಸರಕಾರ ಉದ್ಯಾನಗಳನ್ನು ತೆರೆದದ್ದು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ದಿನವಿಡೀ ಚದುರಿ ಬರಬಹುದಾದ ಜನರನ್ನು ನಾಲ್ಕು ಗಂಟೆಗಳಿಗೆ ಒತ್ತಿ ತುಂಬುವ ಈ ಲೆಕ್ಕ ನಮಗೆ ಅರ್ಥವಾಗಲಿಲ್ಲ. ಜಾತ್ರೆ ತಪ್ಪಿಸಬೇಕಾದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರಬೇಕು, ಕಡಿಮೆ ಹೊತ್ತಲ್ಲ.

ಹಾಗೆಂದು ಮುಂಬಯಿಯಲ್ಲಿ ಎಲ್ಲ ಸುಸೂತ್ರ ನಡೆಯಿತೆಂದಲ್ಲ. ಮೊದಲ ಶನಿವಾರವೇ ಮರೀನ್ ಡ್ರೈವಿನ ಕಟ್ಟೆ ಜನರಿಂದ ಕಿಕ್ಕಿರಿಯಿತು. ಹೀಗೇ ಆದರೆ ಮತ್ತೆ ಬಿಗಿ ಮಾಡಬೇಕಾದೀತೆಂದು ಮುಖ್ಯಮಂತ್ರಿಗಳು ಎಚ್ಚರಿಸಿದರು. ಜೂನ್ 28ರಂದು ಪೋಲೀಸರು ವ್ಯಾಯಾಮಕ್ಕಾಗಲಿ ಅಂಗಡಿಗಾಗಲಿ ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದೆಂದು ಅಪ್ಪಣೆ ಮಾಡಿದರು. ದೂರದ ಮಿತಿಗೆ ಒಂದು ಅರ್ಥವಿದೆ: ನಡಿಗೆಯಿಂದ ರೋಗ ಬಾರದಿದ್ದರೂ ನಡಿಗೆಯ ಜಾಗಕ್ಕೆ ತುಂಬಿದ ಬಸ್ಸಿನಲ್ಲಿ ಹೋದರೆ ಬಂದೀತು. ಆದರೆ ಎರಡು ಕಿಲೋಮೀಟರಿನೊಳಗೆ ಯಾರಿಗೆ ಏನು ಸಿಗುತ್ತದೆ? ಶಿವಾಜಿ ಪಾರ್ಕಿನ ಅಂಚಿನಲ್ಲಿರುವವರಿಗೆ ಕಡಲೂ ಇದೆ, ಮೈದಾನವೂ ಇದೆ. ಹಾರ್ಬರ್ ಲೈನಿನ ಎಷ್ಟೋ ವಸತಿಗಳಲ್ಲಿ ಸಿಗುವುದು ಇನ್ನಷ್ಟು ವಸತಿ ಮಾತ್ರ.

ಈ ಭೇದದ ಬೆಲೆಯನ್ನು ಅಂಕಿಗಳಲ್ಲೇ ಕಂಡೆವು. 2020ರ ಜುಲೈಯಲ್ಲಿ ಪಾಲಿಕೆ, ನೀತಿ ಆಯೋಗ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೂಡಿ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದವು. ಆ ಮೂರರಲ್ಲಿ ಒಂದು ನಮ್ಮ ಮಾಟುಂಗಾ, ವಡಾಲಾ, ಸಾಯನ್ ಸೇರಿದ ಎಫ್ ಉತ್ತರ. ಝೋಪಡಿಗಳಲ್ಲಿ ನೂರಕ್ಕೆ 57 ಮಂದಿಗೆ ರೋಗ ತಗಲಿ ಹೋಗಿತ್ತು, ಉಳಿದ ಕಟ್ಟಡಗಳಲ್ಲಿ ನೂರಕ್ಕೆ 16. ಒಂದೇ ವಾರ್ಡು, ಒಂದೇ ಮಳೆ, ಒಂದೇ ಕಾಯಿದೆ. ‘ಮನೆಯಲ್ಲೇ ಇರಿ, ಕ್ಷೇಮವಾಗಿರಿ’ ಎಂಬ ಘೋಷಣೆಗೆ ಒಂದು ಖೋಲಿಯಲ್ಲಿ ಎಂಟು ಮಂದಿ ಇರುವ ಮನೆಯಲ್ಲಿ ಏನು ಅರ್ಥ? ನಮ್ಮ ಹೋಟೆಲುಗಳ ಹುಡುಗರನ್ನೇ ನೆನೆಯಿರಿ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಅಟ್ಟದಲ್ಲಿ ಸಾಲಾಗಿ ಮಲಗುವ ಅವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಕಾಲು ಚಾಚಲು ಇದ್ದದ್ದು ಮೈದಾನದ ಮರದ ನೆರಳು. ಹೋಟೆಲು ಮುಚ್ಚಿತು, ಮೈದಾನ ಮುಚ್ಚಿತು, ಗಾಡಿ ನಿಂತಿತು; ಮೇ ತಿಂಗಳಲ್ಲಿ ಕೆಲವು ದಿನ ಹುಟ್ಟೂರಿನ ಗಡಿಯೂ ಮಹಾರಾಷ್ಟ್ರದಿಂದ ಬರುವವರಿಗೆ ಮುಚ್ಚಿತು.

ವಿಜ್ಞಾನದ ಮಾತಿಗೆ ಬರೋಣ. 2020ರ ಏಪ್ರಿಲಿನಲ್ಲೇ ಚೀನದ ಸಂಶೋಧಕರು ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಜಾಲಾಡಿ ಪ್ರಕಟಿಸಿದ ವರದಿಯಲ್ಲಿ, ಬಯಲಿನಲ್ಲಿ ರೋಗ ಹರಡಿದ ಪ್ರಸಂಗ ಒಂದೇ ಒಂದಿತ್ತು, ಅದರಲ್ಲಿ ಇಬ್ಬರು. ಜುಲೈಯಲ್ಲಿ 239 ವಿಜ್ಞಾನಿಗಳು ಈ ರೋಗ ಗಾಳಿಯಲ್ಲಿ ತೇಲಿ ಹರಡುತ್ತದೆ, ಮುಚ್ಚಿದ ಕೋಣೆಗಳ ಬಗ್ಗೆ ಎಚ್ಚರಿಕೆ ಬೇಕು ಎಂದು ಬಹಿರಂಗ ಪತ್ರ ಬರೆದರು. ವರ್ಷದ ಕೊನೆಗೆ ಅನೇಕ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿದವರು, ಹೊರಗೆ ತಗಲಿದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂದರು. ಕಾರಣವೇನೂ ಗಹನವಲ್ಲ. ಉಸಿರಿನ ಕಣಗಳು ಕೋಣೆಯಲ್ಲಿ ಹೊಗೆಯಂತೆ ಕೂಡಿಕೊಳ್ಳುತ್ತವೆ, ಬಯಲಿನಲ್ಲಿ ಗಾಳಿಗೆ ಚದುರಿಹೋಗುತ್ತವೆ. ಅಗರಬತ್ತಿ ಹಚ್ಚಿಟ್ಟು ನೋಡಿದವರಿಗೆಲ್ಲ ಗೊತ್ತಾಗುವ ಸಂಗತಿ.

ಇಷ್ಟು ತಿಳಿದ ಮೇಲೆ ಯಾವ ಆಟಕ್ಕೆ ಬಿಡಬೇಕು, ಯಾವುದನ್ನು ತಡೆಯಬೇಕೆಂಬ ಪಟ್ಟಿ ಮಾಡುವುದು ಕಷ್ಟವಾಗಬಾರದಿತ್ತು. 2020ರ ಆಗಸ್ಟ್ 5ರಿಂದ ಮಹಾರಾಷ್ಟ್ರದಲ್ಲಿ ಅನುಮತಿ ಸಿಕ್ಕ ಹೊರಾಂಗಣ ಆಟಗಳು ಇವು: ಗಾಲ್ಫ್, ಗುರಿಹೊಡೆತ, ಜಿಮ್ನ್ಯಾಸ್ಟಿಕ್ಸ್, ಟೆನಿಸ್, ಬಯಲಿನ ಬ್ಯಾಡ್ಮಿಂಟನ್, ಮಲ್ಲಕಂಬ. ಮಲ್ಲಕಂಬ ಸೇರಿದ್ದು ಸಂತೋಷ. ಕಂಬ ಒಂದು, ಏರುವವನು ಒಬ್ಬ. ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದ ಮಕ್ಕಳ ಸಾಧನೆ ನೋಡಿದವರು ಇದನ್ನು ಒಪ್ಪುತ್ತಾರೆ. ಆದರೆ ಗಾಲ್ಫ್! ಚೆಂಬೂರಿನ ಗಾಲ್ಫ್ ಮೈದಾನದ ಹಸುರನ್ನು ಗೋಡೆಯ ಹೊರಗಿನಿಂದ ಕಂಡವರೇ ನಮ್ಮಲ್ಲಿ ಹೆಚ್ಚು. ತಂಡದ ಆಟಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ, ಅಂದರೆ ಕ್ರಿಕೆಟ್ಟಿಗೆ ಇಲ್ಲ. ಅದೇ ದಿನ, ಅದೇ ಆದೇಶದ ಬಲದಿಂದ, ಹವಾನಿಯಂತ್ರಿತ ಮಾಲ್‌ಗಳು ತೆರೆದವು.

ಕಬಡ್ಡಿ, ಕುಸ್ತಿಗಳನ್ನು ತಡೆದದ್ದು ಸರಿ. ಅಲ್ಲಿ ಮೈಗೆ ಮೈ, ಉಸಿರಿಗೆ ಉಸಿರು. ಕ್ರಿಕೆಟ್ಟು ಹಾಗಲ್ಲ. ಆಜಾದ್ ಮೈದಾನದಲ್ಲಿ ಫೀಲ್ಡಿಂಗ್ ನಿಂತ ಹುಡುಗರ ನಡುವಿನ ದೂರ, ಅಂದು ರೇಶನ್ ಅಂಗಡಿಯ ಸಾಲಿನಲ್ಲಿ ಬಳಿದ ಬಿಳಿ ವರ್ತುಲಗಳ ನಡುವಿನ ದೂರಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಪಾಯವಿದ್ದದ್ದು ಡೇರೆಯೊಳಗೆ ಒತ್ತಿ ಕೂರುವುದರಲ್ಲಿ, ಒಂದೇ ಬಾಟಲಿಯ ನೀರಿನಲ್ಲಿ, ಗೆದ್ದಾಗಿನ ಆಲಿಂಗನದಲ್ಲಿ, ನೋಡುವ ಜನರಲ್ಲಿ. ಅವನ್ನು ನಿಷೇಧಿಸಿ ಆಟವನ್ನು ಬಿಡಬಹುದಿತ್ತು. ನಮ್ಮಲ್ಲಿ ನಡೆದದ್ದು ತಿರುಗುಮುರುಗು. 2021ರ ಮಾರ್ಚ್ 12 ಮತ್ತು 14ರಂದು ಅಹಮದಾಬಾದಿನ ಪಂದ್ಯಗಳಿಗೆ ಪ್ರೇಕ್ಷಕರನ್ನು ಸಾವಿರಗಟ್ಟಲೆ ಕೂಡಿಸಿ, ಮೂರನೆಯ ಪಂದ್ಯಕ್ಕೆ ಬಾಗಿಲು ಹಾಕಬೇಕಾಯಿತು. ಆಡುವ ಇಪ್ಪತ್ತೆರಡು ಮಂದಿಗಿಂತ ನೋಡುವ ಸಾವಿರಾರು ಮಂದಿಯೇ ಅಪಾಯವೆಂಬುದು ಫಿಲಡೆಲ್ಫಿಯಾದ ಮೆರವಣಿಗೆಯಷ್ಟು ಹಳೆಯ ಪಾಠ. ಏಪ್ರಿಲಿನಲ್ಲಿ ಹರಿದ್ವಾರದ ಕುಂಭಮೇಳದಲ್ಲಿ ಜನಸಾಗರವೇ ಸೇರಿತ್ತು. ಅದೇ ಏಪ್ರಿಲ್ 14ರಿಂದ ಮುಂಬಯಿಯ ಉದ್ಯಾನ, ಕಡಲ ದಂಡೆಗಳು ಮತ್ತೆ ಮುಚ್ಚಿದವು. ಒಬ್ಬಂಟಿ ಮುದುಕನ ನಡಿಗೆಯೂ ಲಕ್ಷ ಜನರ ಮುಳುಗೂ ‘ಬಯಲು’ ಎಂಬ ಒಂದೇ ಪದದಡಿ ಬಂದುದೇ ಈ ಗೊಂದಲದ ಮೂಲ.

ಜೂನ್ 7ರಿಂದ ಐದು ಹಂತಗಳ ಪದ್ಧತಿ ಬಂತು. ಮೂರನೆಯ ಹಂತದಲ್ಲಿದ್ದ ಮುಂಬಯಿಗೆ ಬೆಳಿಗ್ಗೆ 5ರಿಂದ 9ರವರೆಗೆ ತಿರುಗಾಟದ ಅನುಮತಿ. ಹಿಂದಿನ ವರ್ಷದ ಹದಿನಾಲ್ಕು ಗಂಟೆ ನಾಲ್ಕಕ್ಕೆ ಇಳಿದಿತ್ತು. ರೋಗದ ವಿಷಯದಲ್ಲಿ ತಿಳಿವಳಿಕೆ ಬೆಳೆದಿತ್ತು, ಬಯಲಿನ ವಿಷಯದಲ್ಲಿ ಕುಗ್ಗಿತ್ತು. ಬೆಳಿಗ್ಗೆ ಐದಕ್ಕೆ ಏಳುವುದು ಪಿಂಚಣಿದಾರರಿಗೆ ಸಾಧ್ಯ. ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಉಸಿರು ಬಿಡುವ ಗೃಹಿಣಿಗೆ, ದಿನವಿಡೀ ಮೊಬೈಲ್ ಪರದೆಯ ಮುಂದೆ ಪಾಠ ಕೇಳಿ ಸಂಜೆ ಆಡಬೇಕಾದ ಮಗುವಿಗೆ ಆ ನಾಲ್ಕು ಗಂಟೆಯಿಂದ ಪ್ರಯೋಜನವೇನು? ಎತ್ತರದ ಕಟ್ಟಡಗಳ ಸೊಸೈಟಿಗಳಲ್ಲಿ ಒಳಾವರಣದ ತೋಟವಿತ್ತು, ಅಲ್ಲಿ ಮಕ್ಕಳು ಹೇಗೋ ಆಡಿದರು. ಚಾಳಿನ ಮಕ್ಕಳು ಪಡಸಾಲೆಯಲ್ಲೇ ಚೆಂಡು ತಟ್ಟಿದರು, ನೆರೆಯವರ ಬೈಗುಳ ತಿಂದರು.

ಮಹಾರಾಷ್ಟ್ರದ ನಿರ್ಬಂಧಗಳೆಲ್ಲ 2022ರ ಏಪ್ರಿಲ್ 1ರಿಂದ, ಯುಗಾದಿಯ ಹಿಂದಿನ ದಿನ, ತೆರವಾದವು. 1897ರ ಕಾನೂನನ್ನು ಕುರಿತು ಕಾನೂನು ಆಯೋಗ 2024ರಲ್ಲಿ ತನ್ನ 286ನೆಯ ವರದಿಯನ್ನು ಸಲ್ಲಿಸಿ, ಅದರ ಕೊರತೆಗಳನ್ನು ನೀಗಬೇಕು, ಇಲ್ಲವೆ ಹೊಸ ಕಾನೂನೇ ಬೇಕು ಎಂದಿದೆ. ನಮ್ಮ ಸಂಘಗಳು ಸರಕಾರಕ್ಕೆ ಮನವಿ ಬರೆಯುವುದರಲ್ಲಿ ಹಿಂದೆ ಬಿದ್ದವಲ್ಲ. ಕನ್ನಡ ಶಾಲೆಗಾಗಿ, ಊರಿನ ರೈಲಿಗಾಗಿ ಎಷ್ಟು ಬರೆದಿದ್ದೇವೆ. ಈ ವಿಷಯಕ್ಕೂ ಒಂದು ಹಾಳೆ ಮೀಸಲಿಡಬಹುದು. ಉಸಿರಿನ ರೋಗ ಬಂದಾಗ ವಾರ್ಡಿನ ಉದ್ಯಾನ, ಮೈದಾನಗಳನ್ನು ಬೆಳಗಿನಿಂದ ರಾತ್ರಿಯವರೆಗೆ ತೆರೆದಿಡಬೇಕು; ಬಯಲಿಲ್ಲದ ಗಲ್ಲಿಗಳಲ್ಲಿ ದಿನದ ಕೆಲವು ತಾಸು ವಾಹನ ನಿಲ್ಲಿಸಿ ರಸ್ತೆಯನ್ನೇ ಮಕ್ಕಳಿಗೆ ಬಿಡಬೇಕು; ಬೀಗ ಹಾಕುವುದಿದ್ದರೆ ಪ್ರೇಕ್ಷಕರ ಗ್ಯಾಲರಿಗೆ, ಡೇರೆಗೆ ಹಾಕಬೇಕು. ಮಾಟುಂಗಾ, ವಡಾಲಾದ ವಾಚಕರು ತಮ್ಮ ತಮ್ಮ ಗಲ್ಲಿಯಲ್ಲಿ 2020-21ರಲ್ಲಿ ಯಾವ ಮೈದಾನ ಎಷ್ಟು ದಿನ ಮುಚ್ಚಿತ್ತೆಂಬುದನ್ನು ನೆನಪಿರುವಾಗಲೇ ಬರೆದು ಕಳಿಸಿದರೆ ಆ ಮನವಿಗೆ ಬಲ ಬಂದೀತು.